ನಮ್ಮ ಶಾಲೆಯ ಮಕ್ಕಳು ಗುರುತಿಸಿದ ಕ್ಷುದ್ರಗ್ರಹಕ್ಕೆ ಮಲೆನಾಡಿನ ಹೆಸರಿಡಬಹುದೇ?

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು. ಇಂಟರ್‌ನ್ಯಾಷನಲ್ ಆಸ್ಟ್ರನಾಮಿಕಲ್ ಸರ್ಚ್ ಕೊಲಾಬರೇಷನ್ ಎಂಬ ಸಂಸ್ಥೆಯವರು ಹವಾಯಿಯ ಹಲೆಯಕಲಾ ಬೆಟ್ಟದ ಮೇಲಿರುವ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ಶಾಲೆಗಳಿಗೆ ಕಳುಹಿಸಿ, ಅವುಗಳಲ್ಲಿ ಕ್ಷುದ್ರಗ್ರಹಗಳನ್ನು ಹುಡುಕುವ ಅವಕಾಶ ಕೊಡುತ್ತಾರೆ. ಈ ಸಲ ನಮ್ಮ ಒಂಬತ್ತನೇ ತರಗತಿಯ ನಾಲ್ವರು ಮಕ್ಕಳು ಅದರಲ್ಲಿ ಭಾಗವಹಿಸಿದ್ದರು.

ಆಕಾಶದ ಒಂದೇ ತುಣುಕನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಸಲ ತೆಗೆದ ಚಿತ್ರಗಳವು. ಆಸ್ಟ್ರೋಮೆಟ್ರಿಕಾ ಎಂಬ ತಂತ್ರಾಂಶದಲ್ಲಿ ಅವನ್ನು ಒಂದರ ಹಿಂದೊಂದು ಮಿನುಗಿಸಿದಾಗ ನಕ್ಷತ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ಕ್ಷುದ್ರಗ್ರಹವಾದರೆ ನೇರ ಗೆರೆಯಲ್ಲಿ ನಾಲ್ಕು ಹೆಜ್ಜೆ ಸರಿಯುತ್ತದೆ. ಆ ದಿನ ಜಡಿಮಳೆ. ಹೆಂಚಿನ ಮೇಲೆ ನೀರು ಸುರಿಯುವ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿದ್ದಾಗ ಒಬ್ಬ ಹುಡುಗಿ ಪರದೆಯ ಮೂಲೆಯೊಂದಕ್ಕೆ ಬೆರಳಿಟ್ಟು, "ಸರ್, ಇದೊಂದು ನಡೀತಾ ಇದೆ" ಎಂದಳು. ನೋಡಿದರೆ ಎಳ್ಳಿನ ಕಾಳಿಗಿಂತ ಚಿಕ್ಕದಾದ, ಅಂಚು ಮಸುಕಾದ ಚುಕ್ಕೆ; ನಾಲ್ಕೂ ಚಿತ್ರಗಳಲ್ಲಿ ಸಮ ಅಂತರದಲ್ಲಿ ಸರಿದಿತ್ತು. ವರದಿ ಕಳುಹಿಸಿದೆವು. ಅದು ಪ್ರಾಥಮಿಕ ಪತ್ತೆ ಎಂದು ಒಪ್ಪಿಗೆಯಾಗಿ ಬಂದಿದೆ.

ತೊಂದರೆ ಇಲ್ಲಿಂದ ಶುರುವಾಯಿತು. ಸ್ಥಳೀಯ ಪತ್ರಿಕೆಯೊಂದು "ಹೊಸ ಗ್ರಹ ಕಂಡುಹಿಡಿದ ಮಲೆನಾಡಿನ ಮಕ್ಕಳು" ಎಂದು ಬರೆದುಬಿಟ್ಟಿತು. ಊರಿನ ಹಿರಿಯರು ಸಭೆ ಸೇರಿ, ಅದಕ್ಕೆ ಯಾವ ಹೆಸರಿಡಬೇಕೆಂದು ಚರ್ಚಿಸಿ, ಸನ್ಮಾನದ ದಿನವೇ ನಾಮಕರಣವೂ ಆಗಲಿ ಎನ್ನುತ್ತಿದ್ದಾರೆ. ಅವರ ಸಂತೋಷಕ್ಕೆ ತಣ್ಣೀರೆರಚಲು ನನಗೆ ಮನಸ್ಸಿಲ್ಲ, ಆದರೆ ಮಕ್ಕಳ ಎದುರು ಸುಳ್ಳು ಭರವಸೆ ಕೊಡಲೂ ಮನಸ್ಸಿಲ್ಲ. ಹೆಸರಿಡುವ ಅಧಿಕಾರ ಯಾರಿಗಿದೆ, ಅದಕ್ಕೆ ಎಷ್ಟು ಕಾಲ ಬೇಕು, ಅಲ್ಲಿಯವರೆಗೆ ಆ ಚುಕ್ಕೆಯನ್ನು ಏನೆಂದು ಕರೆಯಬೇಕು ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ತುಂಗಾ ತೀರ

ಮೊದಲು ಆ ನಾಲ್ವರು ಮಕ್ಕಳಿಗೆ ನನ್ನ ಅಭಿನಂದನೆ ತಿಳಿಸಿ ಮೇಷ್ಟ್ರೇ. ಹೆಸರು ಯಾವಾಗಲಾದರೂ ಬರಲಿ, ನೋಡಿದ ಕಣ್ಣು ಅವರದೇ.

ಕವಲೂರಿನ ಹಾದಿ

ನಾನು ಸಾಗರದವನು, ಬೆಂಗಳೂರಿನಲ್ಲಿ ಖಗೋಳ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ. ತಮ್ಮ ಪ್ರಶ್ನೆಗೆ ನೇರವಾದ ಉತ್ತರ ಇಷ್ಟು: ಈಗಲೇ ಹೆಸರಿಡಲು ಬರುವುದಿಲ್ಲ, ಮುಂದೆ ಹೆಸರನ್ನು ಸೂಚಿಸುವ ಅವಕಾಶ ಸಿಗಬಹುದು.

ಮಕ್ಕಳಿಗೆ ಸಿಕ್ಕಿರುವುದು ಮೊದಲ ಮೆಟ್ಟಿಲು. ಅದೇ ವಸ್ತುವನ್ನು ಮತ್ತೊಂದು ರಾತ್ರಿಯೂ ಕಂಡು ದೃಢಪಡಿಸಿ, ಅದು ಈಗಾಗಲೇ ಗೊತ್ತಿರುವ ಯಾವ ಕ್ಷುದ್ರಗ್ರಹವೂ ಅಲ್ಲವೆಂದು ಖಚಿತವಾದರೆ, ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ಅದಕ್ಕೆ ತಾತ್ಕಾಲಿಕ ಗುರುತನ್ನು ಕೊಡುತ್ತದೆ. ಅದು ಎರಡನೆಯ ಮೆಟ್ಟಿಲು. ಮುಂದೆ ಹಲವು ವರ್ಷ ಅದನ್ನು ಮತ್ತೆ ಮತ್ತೆ ನೋಡಿ ಕಕ್ಷೆ ಚೆನ್ನಾಗಿ ತಿಳಿದ ಮೇಲಷ್ಟೇ ಶಾಶ್ವತ ಸಂಖ್ಯೆ ಬರುತ್ತದೆ. ಸಂಖ್ಯೆ ಬಂದ ದಿನದಿಂದ ಹತ್ತು ವರ್ಷ, ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು. ಸೂಚಿಸಿದ ಹೆಸರನ್ನು ಒಪ್ಪುವುದೋ ಬಿಡುವುದೋ ಎಂದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ನಾಮಕರಣ ಸಮಿತಿ ತೀರ್ಮಾನಿಸುತ್ತದೆ.

ಸಂಖ್ಯೆ ಪಡೆದ ಕ್ಷುದ್ರಗ್ರಹಗಳು ಇಂದು ಏಳು ಲಕ್ಷವನ್ನು ದಾಟಿವೆ. ಹೆಸರು ಪಡೆದವು ಇಪ್ಪತ್ತೈದು ಸಾವಿರದ ಆಸುಪಾಸು ಮಾತ್ರ. ಹೆಸರಿಲ್ಲದಿರುವುದೇ ಅಲ್ಲಿ ಸಾಮಾನ್ಯ ಸ್ಥಿತಿ ಎಂಬುದನ್ನು ಊರಿನ ಹಿರಿಯರಿಗೆ ಹೇಳಿದರೆ ಅವರಿಗೆ ಬೇಸರ ಕಡಿಮೆಯಾದೀತು.

ಅಡಿಕೆ ತೋಟ ಕೊಪ್ಪ

ಇಷ್ಟೊಂದು ವರ್ಷ ಯಾಕೆ ಬೇಕು? ನಮ್ಮಲ್ಲಿ ಕರು ಹಾಕಿದ ದಿನವೇ ಹೆಸರಿಡುತ್ತೇವೆ. ಕಂಡದ್ದು ಖಚಿತವಾದರೆ ಹೆಸರು ಕೊಡಲು ಏನು ಅಡ್ಡಿ ಎಂದು ನನಗೆ ಅರ್ಥವಾಗಲಿಲ್ಲ.

ಗಣಿತದ ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಕೊಪ್ಪದ ಮಿತ್ರರೇ, ಕರು ಕೊಟ್ಟಿಗೆಯಲ್ಲೇ ಇರುತ್ತದೆ, ಈ ವಸ್ತು ಕೈತಪ್ಪಿ ಹೋಗುತ್ತದೆ. ಮೊಟ್ಟಮೊದಲ ಕ್ಷುದ್ರಗ್ರಹಕ್ಕೇ ಹೀಗಾಯಿತು.

1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೋದಲ್ಲಿ ಜುಸೆಪ್ಪೆ ಪಿಯಾತ್ಸಿ ಎಂಬ ಪಾದ್ರಿ ಒಂದು ಹೊಸ ಚುಕ್ಕೆಯನ್ನು ಕಂಡರು. ಫೆಬ್ರವರಿ 11ರವರೆಗೆ ಅದನ್ನು ಹಿಂಬಾಲಿಸಿದರು. ಅಷ್ಟರಲ್ಲಿ ಅವರಿಗೆ ಕಾಯಿಲೆಯಾಯಿತು, ಚುಕ್ಕೆಯೂ ಸೂರ್ಯನ ಬೆಳಕಿನೊಳಗೆ ಸರಿದು ಮರೆಯಾಯಿತು. ಸೂರ್ಯನ ಆಚೆ ಬದಿಯಿಂದ ಅದು ಹೊರಬರುವಾಗ ಆಕಾಶದ ಯಾವ ಭಾಗದಲ್ಲಿ ಹುಡುಕಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಕೈಯಲ್ಲಿದ್ದದ್ದು ನಲವತ್ತೊಂದು ದಿನಗಳ ಒಂದು ಚಿಕ್ಕ ಕಂಸ ಮಾತ್ರ. ಆ ಕಂಸಕ್ಕೆ ಹೊಂದುವ ದೀರ್ಘವೃತ್ತಗಳನ್ನು ಎಷ್ಟು ಬೇಕಾದರೂ ಎಳೆಯಬಹುದು.

ಆಗ ಇಪ್ಪತ್ತನಾಲ್ಕು ವರ್ಷದ ಕಾರ್ಲ್ ಫ್ರೆಡ್ರಿಕ್ ಗೌಸ್ ಮೂರು ವೀಕ್ಷಣೆಗಳಿಂದ ಕಕ್ಷೆಯನ್ನು ಲೆಕ್ಕ ಹಾಕುವ ಹೊಸ ವಿಧಾನವನ್ನು ಕಂಡುಕೊಂಡರು. ಅವರು ಹೇಳಿದ ಜಾಗದ ಬಳಿಯೇ 1801ರ ಡಿಸೆಂಬರ್ 31ರಂದು ಖಗೋಳಜ್ಞ ಫಾನ್ ಜ್ಯಾಕ್ ಅದನ್ನು ಮತ್ತೆ ಕಂಡರು. ಕಂಡು ಒಂದು ವರ್ಷ ತುಂಬಲು ಒಂದೇ ದಿನ ಬಾಕಿಯಿತ್ತು. ನಾನು ಮೂವತ್ತು ವರ್ಷ ತರಗತಿಯಲ್ಲಿ ಶಂಕುಜಗಳನ್ನು ಕಲಿಸಿದ್ದೇನೆ. ದೀರ್ಘವೃತ್ತದ ಸಮೀಕರಣವನ್ನು ಹಲಗೆಯ ಮೇಲೆ ಬರೆಯುವ ಮುನ್ನ ಈ ಕಥೆಯನ್ನು ಹೇಳದ ವರ್ಷವೇ ಇಲ್ಲ.

ಆದ್ದರಿಂದ ಹೆಸರು ಕೊಡುವುದು ಚುಕ್ಕೆಗಲ್ಲ, ದಾರಿಗೆ. ದಾರಿ ಗೊತ್ತಿಲ್ಲದ ಚುಕ್ಕೆಗೆ ಹೆಸರಿಟ್ಟರೆ ಮುಂದಿನ ವರ್ಷ ಆ ಹೆಸರಿನವನು ಯಾರೆಂದು ತೋರಿಸುವುದು ಸಾಧ್ಯವಾಗುವುದಿಲ್ಲ.

ಅಡಿಕೆ ತೋಟ ಕೊಪ್ಪ

ಈಗ ತಿಳಿಯಿತು ಸರ್. ಆದರೆ ಅದು 1801ರ ಮಾತು. ಈಗ ಕಂಪ್ಯೂಟರ್ ಇದೆ, ನಾಲ್ಕು ಚಿತ್ರದಿಂದ ಕ್ಷಣದಲ್ಲಿ ಲೆಕ್ಕ ಆಗಬೇಕಲ್ಲ?

ಕವಲೂರಿನ ಹಾದಿ

ಲೆಕ್ಕ ಕ್ಷಣದಲ್ಲಿ ಆಗುತ್ತದೆ, ಆದರೆ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಕ್ಷಣದಲ್ಲಿ ಸಿಗುವುದಿಲ್ಲ. ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯ ಕ್ಷುದ್ರಗ್ರಹ ಗಂಟೆಗೆ ಸುಮಾರು ಅರ್ಧ ಆರ್ಕ್ ನಿಮಿಷದಷ್ಟು ಸರಿಯುತ್ತದೆ, ಅಂದರೆ ಚಂದ್ರಬಿಂಬದ ಅಗಲದ ಅರವತ್ತರಲ್ಲಿ ಒಂದು ಪಾಲು. ನಾಲ್ಕು ಚಿತ್ರಗಳಲ್ಲಿ ಸಿಗುವ ಗೆರೆ ಅದಕ್ಕಿಂತಲೂ ಚಿಕ್ಕದು. ಆಗುಂಬೆ ಘಾಟಿಯ ಒಂದು ತಿರುವಿನಲ್ಲಿ ಹತ್ತು ಹೆಜ್ಜೆ ದಾರಿಯನ್ನು ಮಾತ್ರ ನೋಡಿದವರಿಗೆ ಆ ರಸ್ತೆ ಸೋಮೇಶ್ವರಕ್ಕೆ ಇಳಿಯುತ್ತದೆಯೋ ಇನ್ನೆಲ್ಲಿಗೆ ಹೋಗುತ್ತದೆಯೋ ಹೇಳಲು ಬರುವುದಿಲ್ಲ. ಹಾಗೆಯೇ ಇದು. ಹಳೆಯ ಚಿತ್ರಸಂಗ್ರಹಗಳಲ್ಲಿ ಅದೇ ವಸ್ತು ಯಾರ ಗಮನಕ್ಕೂ ಬಾರದೆ ಮೊದಲೇ ದಾಖಲಾಗಿದ್ದರೆ ಕಾಯುವ ಕಾಲ ತಗ್ಗುತ್ತದೆ. ಅದೂ ಎಷ್ಟೋ ಬಾರಿ ಆಗುತ್ತದೆ.

ಗಣಿತದ ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಕಾಯುವ ಕಾಲದ ಲೆಕ್ಕವನ್ನು ಮಕ್ಕಳೇ ಮಾಡಬಹುದು ಮೇಷ್ಟ್ರೇ, ದಯವಿಟ್ಟು ಅವರ ಕೈಯಿಂದಲೇ ಮಾಡಿಸಿ. ಕೆಪ್ಲರನ ಮೂರನೆಯ ನಿಯಮ ಸಾಕು. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವನ್ನು ಒಂದು ಖಗೋಳಮಾನ ಎಂದಿಟ್ಟುಕೊಂಡು, ಕ್ಷುದ್ರಗ್ರಹದ ಸರಾಸರಿ ದೂರದ ಘನವನ್ನು ತೆಗೆದು, ಅದರ ವರ್ಗಮೂಲ ಕಂಡುಕೊಂಡರೆ ಸುತ್ತುವ ಅವಧಿ ವರ್ಷಗಳಲ್ಲಿ ಬರುತ್ತದೆ. 67 ಏಷ್ಯಾ ಎಂಬ ಕ್ಷುದ್ರಗ್ರಹದ ದೂರ 2.42. ಅದರ ಘನ ಸುಮಾರು 14.17, ವರ್ಗಮೂಲ 3.76. ಅಂದರೆ ಮೂರೂಮುಕ್ಕಾಲು ವರ್ಷಕ್ಕೆ ಒಂದು ಸುತ್ತು.

ಈಗ ಭೂಮಿ ಒಂದು ವರ್ಷಕ್ಕೆ ಒಂದು ಸುತ್ತು ಬರುತ್ತದೆ, ಅದು ಮೂರೂಮುಕ್ಕಾಲು ವರ್ಷಕ್ಕೆ. ನಾವು ಅದನ್ನು ಒಮ್ಮೆ ಹಿಂದೆ ಹಾಕಿ ಮತ್ತೊಮ್ಮೆ ಅದರ ಪಕ್ಕಕ್ಕೆ ಬರಲು ಸುಮಾರು ಹದಿನಾರು ತಿಂಗಳು ಬೇಕು. ಹಾಗೆ ಪಕ್ಕಕ್ಕೆ ಬಂದಾಗ ಸೂರ್ಯ ಒಂದು ಕಡೆ, ಅದು ಇನ್ನೊಂದು ಕಡೆ, ನಡುವೆ ನಾವು. ಇದಕ್ಕೆ ವಿಯುತಿ ಎನ್ನುತ್ತಾರೆ. ಆಗ ಅದು ಸಂಜೆ ಹುಟ್ಟಿ ರಾತ್ರಿಯಿಡೀ ಕಾಣುತ್ತದೆ, ಹೆಚ್ಚು ಬೆಳಗುತ್ತದೆ. ಸಂಖ್ಯೆ ಕೊಡಲು ಸಾಮಾನ್ಯವಾಗಿ ನಾಲ್ಕು ವಿಯುತಿಗಳಲ್ಲಾದರೂ ನೋಡಿರಬೇಕು. ಮೊದಲನೆಯದರಿಂದ ನಾಲ್ಕನೆಯದಕ್ಕೆ ಮೂರು ಅಂತರ, ಒಂದೊಂದೂ ಹದಿನಾರು ತಿಂಗಳು. ಅಲ್ಲಿಗೆ ನಾಲ್ಕು ವರ್ಷ ಆಯಿತು. ತಮ್ಮ ಒಂಬತ್ತನೇ ತರಗತಿಯ ಮಕ್ಕಳು ಪಿಯುಸಿ ಮುಗಿಸಿರುತ್ತಾರೆ.

ಹೊಸನಗರ ಹುಡುಗಿ

ಒಂದು ವಿಯುತಿ ಜೂನ್, ಜುಲೈಯಲ್ಲಿ ಬಂದರೆ ನಮ್ಮ ಮಲೆನಾಡಿನಿಂದ ಆ ವರ್ಷ ನೋಡುವುದೇ ಸಾಧ್ಯವಿಲ್ಲ. ಹುಲಿಕಲ್, ಮಾಸ್ತಿಕಟ್ಟೆ ಕಡೆ ಮೂರು ತಿಂಗಳು ನಕ್ಷತ್ರದ ಮುಖವೇ ಕಾಣುವುದಿಲ್ಲ.

ಕವಲೂರಿನ ಹಾದಿ

ಮಕ್ಕಳ ವಸ್ತುವನ್ನು ಇಲ್ಲಿಂದ ನೋಡುವುದು ಮಳೆ ಇಲ್ಲದಿದ್ದರೂ ಅಸಾಧ್ಯ. ಪ್ಯಾನ್‌ಸ್ಟಾರ್ಸ್ ಚಿತ್ರಗಳಲ್ಲಿ ಹೊಸದಾಗಿ ಸಿಗುವ ವಸ್ತುಗಳ ಕಾಂತಿಮಾನ (ಮಂಕಾದಷ್ಟೂ ಅಂಕಿ ಹೆಚ್ಚುವ ಬೆಳಕಿನ ಅಳತೆ) ಹೆಚ್ಚಾಗಿ 20, 21ರ ಸುತ್ತ ಇರುತ್ತದೆ. ಬರಿಗಣ್ಣಿನ ಮಿತಿ 6. ಐದು ಕಾಂತಿಮಾನಕ್ಕೆ ನೂರು ಪಟ್ಟು ವ್ಯತ್ಯಾಸ ಎಂಬ ಲೆಕ್ಕದಲ್ಲಿ 21ನೆಯ ಕಾಂತಿಮಾನದ ಚುಕ್ಕೆ ಬರಿಗಣ್ಣಿನ ಅತಿ ಮಂಕು ನಕ್ಷತ್ರಕ್ಕಿಂತ ಹತ್ತು ಲಕ್ಷ ಪಟ್ಟು ಮಂಕು. ಮುಂದಿನ ವೀಕ್ಷಣೆಗಳನ್ನು ಜಗತ್ತಿನ ದೊಡ್ಡ ಸಮೀಕ್ಷೆಗಳೇ ಮಾಡುತ್ತವೆ, ಮಳೆಯ ಚಿಂತೆ ಬೇಡ.

ಈ ನೂರು ಪಟ್ಟಿನ ಅಳತೆಯನ್ನು 1856ರಲ್ಲಿ ಸೂಚಿಸಿದವರು ಖಗೋಳಜ್ಞ ನಾರ್ಮನ್ ಪಾಗ್ಸನ್. ಮೇಲೆ ಸರ್ ಹೇಳಿದ 67 ಏಷ್ಯಾವನ್ನು ಕಂಡವರೂ ಅವರೇ, 1861ರ ಏಪ್ರಿಲ್ 17ರಂದು ಮದರಾಸು ವೀಕ್ಷಣಾಲಯದಿಂದ. ಏಷ್ಯಾ ಖಂಡದಿಂದ ಕಂಡ ಮೊದಲ ಕ್ಷುದ್ರಗ್ರಹವಾದ್ದರಿಂದ ಆ ಹೆಸರು. ಸ್ಥಳದ ಹೆಸರಿಡುವ ಆಸೆ ಹೊಸದಲ್ಲ ಎಂದು ತಮ್ಮ ಊರಿನವರಿಗೆ ಧೈರ್ಯವಾಗಿ ಹೇಳಬಹುದು. ಪಾಗ್ಸನ್ ಮದರಾಸಿನಿಂದಲೇ 1864ರಲ್ಲಿ ಸಾಫೋ, 1866ರಲ್ಲಿ ಸಿಲ್ವಿಯಾ, 1885ರಲ್ಲಿ ವೇರಾ ಎಂಬವನ್ನೂ ಕಂಡರು. ಅನಂತರ ನೂರು ವರ್ಷಕ್ಕೂ ಹೆಚ್ಚು ಕಾಲ ಭಾರತದಿಂದ ಒಂದೂ ಸಿಗಲಿಲ್ಲ. 1988ರ ಫೆಬ್ರವರಿ 17ರಂದು ಜವ್ವಾದು ಬೆಟ್ಟದ ಕವಲೂರಿನಲ್ಲಿ ಆರ್. ರಾಜಮೋಹನ್ ಅವರ ತಂಡಕ್ಕೆ ಸಿಕ್ಕಿದ್ದು 4130 ರಾಮಾನುಜನ್. ಕವಲೂರು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು.

ಸಂಗೀತಪ್ರಿಯೆ ಸಾಗರ

ಪಂಡಿತ್ ಜಸರಾಜ್ ಅವರ ಹೆಸರಿನಲ್ಲಿಯೂ ಒಂದು ಕ್ಷುದ್ರಗ್ರಹ ಇದೆಯಲ್ಲವೇ? 2019ರಲ್ಲಿ ಓದಿದ ನೆನಪು. ಅದರ ಸಂಖ್ಯೆ 300128. ಅವರ ಜನ್ಮದಿನ 28-01-30. ವರ್ಷ, ತಿಂಗಳು, ದಿನ ಎಂದು ಹಿಂದಿನಿಂದ ಜೋಡಿಸಿದರೆ ಅದೇ ಸಂಖ್ಯೆ ಬರುತ್ತದೆ ಎಂದು ನಮ್ಮ ಗುರುಗಳು ಪಾಠದ ನಡುವೆ ಹೇಳಿದಾಗ ನಾವೆಲ್ಲ ತಂಬೂರಿ ನಿಲ್ಲಿಸಿ ಕೇಳಿದ್ದೆವು.

ಕವಲೂರಿನ ಹಾದಿ

ಹೌದು ಮೇಡಂ. ಅದು ಕಂಡದ್ದು 2006ರ ನವೆಂಬರ್‌ನಲ್ಲಿ, ಹೆಸರು ಬಂದದ್ದು 2019ರಲ್ಲಿ. ಹದಿಮೂರು ವರ್ಷ. ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯದೇ ಅದು.

ಅದರ ತಾತ್ಕಾಲಿಕ ಗುರುತು "2006 ವಿಪಿ 32". ಮೇಷ್ಟ್ರು ಕೇಳಿದ ಕೊನೆಯ ಪ್ರಶ್ನೆಗೆ ಇದೇ ಉತ್ತರ, ಹೆಸರು ಬರುವವರೆಗೆ ಇಂಥ ಗುರುತಿನಿಂದಲೇ ಕರೆಯುತ್ತಾರೆ. ವರ್ಷವನ್ನು ಇಪ್ಪತ್ತನಾಲ್ಕು ಅರ್ಧ ತಿಂಗಳುಗಳಾಗಿ ಭಾಗಿಸಿ ಇಂಗ್ಲಿಷ್ ಅಕ್ಷರಗಳನ್ನು ಕ್ರಮವಾಗಿ ಕೊಡುತ್ತಾರೆ, "ಐ" ಅಕ್ಷರವನ್ನು ಬಿಡುತ್ತಾರೆ. "ವಿ" ಎಂದರೆ ನವೆಂಬರ್‌ನ ಮೊದಲ ಪಕ್ಷ. ಎರಡನೆಯ ಅಕ್ಷರ ಆ ಪಕ್ಷದಲ್ಲಿ ಎಷ್ಟನೆಯದು ಎನ್ನುತ್ತದೆ. "ಐ" ಬಿಟ್ಟು ಎಣಿಸಿದರೆ "ಪಿ" ಹದಿನೈದನೆಯದು. ಇಪ್ಪತ್ತೈದು ಅಕ್ಷರ ಮುಗಿದಾಗ ಮತ್ತೆ ಮೊದಲಿನಿಂದ ಆರಂಭ. ಹಾಗೆ ಎಷ್ಟು ಸುತ್ತು ಮುಗಿದಿವೆ ಎಂಬುದನ್ನು ಕೊನೆಯ 32 ಹೇಳುತ್ತದೆ. ಮೂವತ್ತೆರಡು ಇಪ್ಪತ್ತೈದಲೆ ಎಂಟುನೂರು, ಜೊತೆಗೆ ಹದಿನೈದು. ಅಂದರೆ ಆ ಹದಿನೈದು ದಿನಗಳಲ್ಲಿ ಗುರುತು ಪಡೆದ 815ನೆಯ ವಸ್ತು ಅದು.

ತೀರ್ಥಹಳ್ಳಿ ಮೇಷ್ಟ್ರು

ಈ ಲೆಕ್ಕವನ್ನು ಇಂದು ಬೆಳಿಗ್ಗೆ ತರಗತಿಯಲ್ಲಿ ಮಾಡಿಸಿದೆ. ತಮ್ಮ ತಮ್ಮ ಹುಟ್ಟಿದ ದಿನಕ್ಕೆ ಯಾವ ಅಕ್ಷರ ಬರುತ್ತದೆ ಎಂದು ಇಡೀ ತರಗತಿ ಲೆಕ್ಕ ಹಾಕಿತು. ಜನವರಿ ಎರಡನೆಯ ಪಕ್ಷದವರು "ಬಿ", ಆಗಸ್ಟ್ ಮೊದಲ ಪಕ್ಷದವರು "ಪಿ". ಧನ್ಯವಾದ.

ಪದಕೋಶ

ವಿಷಯಕ್ಕೆ ಹತ್ತಿರದ ಒಂದು ಆಕ್ಷೇಪ ನನ್ನದಿದೆ. "ಕ್ಷುದ್ರಗ್ರಹ" ಎಂಬ ಪದವನ್ನು ನಾವೆಲ್ಲ ಯೋಚಿಸದೆ ಬಳಸುತ್ತಿದ್ದೇವೆ. ಸಂಸ್ಕೃತದಲ್ಲಿ ಕ್ಷುದ್ರ ಎಂದರೆ ಚಿಕ್ಕದು ಎಂಬ ಅರ್ಥ ಇದ್ದೇ ಇದೆ, ಆದರೆ ಕನ್ನಡದ ಬಳಕೆಯಲ್ಲಿ ಅದು ನೀಚ, ಕೀಳು ಎಂಬುದಕ್ಕೆ ವಾಲಿದೆ. ಕ್ಷುದ್ರ ಮನಸ್ಸು, ಕ್ಷುದ್ರ ರಾಜಕೀಯ ಎನ್ನುತ್ತೇವೆ. ಹಳ್ಳಿಗಳಲ್ಲಿ ಕ್ಷುದ್ರಶಕ್ತಿ ಎಂದರೆ ಮಾಟಮಂತ್ರದ ನೆನಪು. ಮಕ್ಕಳು ಕಂಡುಹಿಡಿದ ವಸ್ತುವಿಗೆ ಆ ಪದ ಶೋಭಿಸುವುದಿಲ್ಲ. "ಕಿರುಗ್ರಹ" ಎಂದರೆ ಸಾಕು, ಅದು ಮೈನರ್ ಪ್ಲಾನೆಟ್ ಎಂಬುದಕ್ಕೂ ಸರಿಯಾಗಿ ಹೊಂದುತ್ತದೆ.

ಗಣಿತದ ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಕಿರುಗ್ರಹ ಎಂದರೆ ಪ್ಲೂಟೋದಂಥ ಕುಬ್ಜಗ್ರಹಗಳ ಜೊತೆ ಗೊಂದಲವಾಗುತ್ತದೆ. ಪಠ್ಯಪುಸ್ತಕದಲ್ಲಿ ಬೇರೂರಿದ ಪದವನ್ನು ಕಿತ್ತರೆ ಪರೀಕ್ಷೆ ಬರೆಯುವ ಮಕ್ಕಳಿಗೆ ತೊಂದರೆ. ನನ್ನ ಒಪ್ಪಿಗೆ ಇಲ್ಲ.

ಪದಕೋಶ

ಕುಬ್ಜ ಬೇರೆ, ಕಿರು ಬೇರೆ ಸರ್. ಮತ್ತೆ, 1802ರಲ್ಲಿ ವಿಲಿಯಂ ಹರ್ಷೆಲ್ ಬಳಕೆಗೆ ತಂದ ಆಸ್ಟರಾಯ್ಡ್ ಎಂಬ ಪದದ ಅರ್ಥ "ನಕ್ಷತ್ರದಂಥದು" ಎಂದು. ಆಗಿನ ದೂರದರ್ಶಕಗಳಲ್ಲಿ ಅವು ಗ್ರಹಗಳಂತೆ ತಟ್ಟೆಯಾಗಿ ಕಾಣದೆ ಬರೀ ಚುಕ್ಕೆಯಾಗಿ ಕಾಣುತ್ತಿದ್ದವು. ಅಲ್ಲಿ ಕೀಳು ಎಂಬ ಛಾಯೆ ಎಲ್ಲೂ ಇಲ್ಲ. ಪಠ್ಯಪುಸ್ತಕ ಬದಲಾಗುವವರೆಗೆ ಕಾಯದೆ ನಾವು ಬರೆಯುವವರು ಬದಲಾಯಿಸಬಹುದು ಎಂಬುದಷ್ಟೇ ನನ್ನ ವಾದ.

ಹೊಸನಗರ ಹುಡುಗಿ

ನಾನು ಪದಕೋಶದವರ ಕಡೆ. ನನ್ನ ಅಜ್ಜಿಗೆ ಕ್ಷುದ್ರಗ್ರಹ ಎಂದು ಹೇಳಿದಾಗ, "ಅದು ಯಾರಿಗೆ ಹಿಡಿದಿದೆ?" ಎಂದು ಗಾಬರಿಯಿಂದ ಕೇಳಿದ್ದರು.

ನಗರ ಹೋಬಳಿ

ಇಷ್ಟೆಲ್ಲ ಕಾಯಬೇಕೇಕೆ ಎಂದು ನನಗೆ ತಿಳಿಯುವುದಿಲ್ಲ. ಅಂತರ್ಜಾಲದಲ್ಲಿ ಹಣ ಕಟ್ಟಿದರೆ ಹೆಸರಿಟ್ಟು ಪ್ರಮಾಣಪತ್ರ ಕಳುಹಿಸುತ್ತಾರೆ. ನಮ್ಮ ಸಂಬಂಧಿಕರು ಮಗಳ ಮದುವೆಗೆ ಒಂದು ನಕ್ಷತ್ರಕ್ಕೆ ಹೆಸರು ಹಾಕಿಸಿದ್ದರು.

ತುಂಗಾ ತೀರ

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನನ್ನ ತಮ್ಮ ತೀರಿಹೋದ ವರ್ಷ ಅವನ ಹೆಸರಿನಲ್ಲಿ ಆಕಾಶದಲ್ಲಿ ಏನಾದರೂ ಇರಲಿ ಎಂಬ ಆಸೆಯಿಂದ ನಾನೂ ಹಣ ಕಟ್ಟಿದ್ದೆ. ಚಿನ್ನದ ಅಂಚಿನ ಕಾಗದ ಬಂತು, ಚೌಕಟ್ಟು ಹಾಕಿಸಿ ಅಮ್ಮನ ಕೋಣೆಯಲ್ಲಿ ತೂಗುಹಾಕಿದೆ. ಎರಡು ವರ್ಷದ ನಂತರ ಆಕಾಶವೀಕ್ಷಣೆಯ ಶಿಬಿರವೊಂದರಲ್ಲಿ ಅದನ್ನು ತೋರಿಸುವಂತೆ ಕೇಳಿದಾಗ, ಆ ಹೆಸರು ಆ ಅಂಗಡಿಯವರ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲವೆಂದು ತಿಳಿಯಿತು. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಹೆಸರುಗಳನ್ನು ಮಾರುವುದೇ ಇಲ್ಲ. ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ಶಾಲೆಯ ಮಕ್ಕಳಿಗೆ ಅಂಥ ಕಾಗದವನ್ನು ಕೊಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಗರ ಹೋಬಳಿ

ಕ್ಷಮಿಸಿ ಅಕ್ಕ, ನನಗೆ ಈ ವಿಷಯ ತಿಳಿದಿರಲಿಲ್ಲ. ನಮ್ಮ ಕಡೆ ಬೇರೆಯವರಿಗೂ ತಿಳಿಸುತ್ತೇನೆ.

ಅಡಿಕೆ ತೋಟ ಕೊಪ್ಪ

ಕಾಯುವುದು ಖಚಿತವಾದ ಮೇಲೆ ಹೆಸರನ್ನಾದರೂ ಈಗಲೇ ಯೋಚಿಸೋಣ. ನನ್ನ ಸೂಚನೆ ಶಾಂತವೇರಿ ಗೋಪಾಲಗೌಡರದು. ಮಲೆನಾಡಿನ ಗೇಣಿದಾರರ ಪರವಾಗಿ ನಿಂತವರು, ತೀರ್ಥಹಳ್ಳಿಯಿಂದ ಶಾಸಕರಾಗಿದ್ದವರು.

ಕವಲೂರಿನ ಹಾದಿ

ನನಗೂ ಅವರ ಮೇಲೆ ತುಂಬ ಗೌರವ. ಆದರೆ ರಾಜಕೀಯ ಅಥವಾ ಸೈನಿಕ ಕಾರ್ಯದಿಂದ ಹೆಸರಾದವರಾದರೆ ಅವರು ತೀರಿಕೊಂಡು ನೂರು ವರ್ಷ ಆಗಿರಬೇಕು ಎಂಬ ನಿಯಮವಿದೆ. ಗೋಪಾಲಗೌಡರು ನಿಧನರಾದದ್ದು 1972ರಲ್ಲಿ. 2072ರವರೆಗೆ ಕಾಯಬೇಕಾಗುತ್ತದೆ.

ಉಳಿದ ನಿಯಮಗಳನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷ್ ಲಿಪಿಯಲ್ಲಿ ಹದಿನಾರು ಅಕ್ಷರ ಮೀರಬಾರದು, ಸಾಧ್ಯವಾದಷ್ಟೂ ಒಂದೇ ಪದವಾಗಿರಬೇಕು, ಉಚ್ಚರಿಸಲು ಬರಬೇಕು, ಈಗಾಗಲೇ ಇರುವ ಹೆಸರನ್ನು ತೀರಾ ಹೋಲಬಾರದು, ಯಾರ ಮನಸ್ಸಿಗೂ ನೋವಾಗುವಂಥದ್ದಾಗಿರಬಾರದು. ವ್ಯಾಪಾರದ ಹೆಸರುಗಳಿಗೆ ಅವಕಾಶವಿಲ್ಲ. ಸಾಕುಪ್ರಾಣಿಗಳ ಹೆಸರು ಬೇಡ ಎನ್ನುತ್ತಾರೆ. 1971ರಲ್ಲಿ ಕಂಡ 2309ನೆಯ ಕ್ಷುದ್ರಗ್ರಹಕ್ಕೆ ಕಂಡುಹಿಡಿದವರು ತಮ್ಮ ಬೆಕ್ಕಿನ ಹೆಸರಿಟ್ಟ ಮೇಲೆ ದೊಡ್ಡ ಚರ್ಚೆಯೇ ನಡೆಯಿತು.

ಹೊಸನಗರ ಹುಡುಗಿ

ಹಾಗಾದರೆ ಕೆಳದಿ ಚೆನ್ನಮ್ಮ! ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ರಾಣಿ. ಅವರು ತೀರಿ ಮುನ್ನೂರು ವರ್ಷ ದಾಟಿದೆ, ನೂರು ವರ್ಷದ ಅಡ್ಡಿಯೂ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ ಬರೆದು ಎಣಿಸಿದೆ. ಕೆಳದಿಗೆ ಆರು, ಚೆನ್ನಮ್ಮನಿಗೆ ಒಂಬತ್ತು, ಒಟ್ಟು ಹದಿನೈದು. ಒಂದು ಅಕ್ಷರದ ಜಾಗ ಇನ್ನೂ ಉಳಿಯುತ್ತದೆ.

ಪದಕೋಶ

ನನ್ನ ಮತ ಶರಾವತಿಗೆ. ವ್ಯಕ್ತಿಯ ಹೆಸರಿಟ್ಟರೆ ಯಾವ ಊರಿನವರು, ಯಾವ ಕಾಲದವರು ಎಂಬ ಜಗಳ ಬರುತ್ತದೆ. ನದಿಯ ಹೆಸರಿಗೆ ಜಗಳವಿಲ್ಲ.

ತುಂಗಾ ತೀರ

ತೀರ್ಥಹಳ್ಳಿಯ ಮಕ್ಕಳು ಕಂಡದ್ದಕ್ಕೆ ತುಂಗೆಯನ್ನು ಬಿಟ್ಟು ಶರಾವತಿಯ ಹೆಸರಿಟ್ಟರೆ ಜಗಳ ಬಾರದೇ ಇರುತ್ತದೆಯೇ?

ಗಣಿತದ ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಪಿಯಾತ್ಸಿ ತಾವು ಕಂಡದ್ದಕ್ಕೆ ಮೊದಲು ಇಟ್ಟ ಹೆಸರು ಸೆರೆಸ್ ಫರ್ಡಿನಾಂಡಿಯಾ. ಸೆರೆಸ್ ಬೆಳೆಯ ದೇವತೆ, ಫರ್ಡಿನಾಂಡ್ ಅಲ್ಲಿನ ರಾಜ. ರಾಜನ ಹೆಸರನ್ನು ಬೇರೆ ದೇಶದವರು ಒಪ್ಪಲಿಲ್ಲ, ಅದು ಬಿದ್ದುಹೋಯಿತು. ಬೆಳೆಯ ದೇವತೆ ಉಳಿದಳು. ಹೆಸರನ್ನು ಸೂಚಿಸುವಾಗ ಜಗತ್ತಿನ ಯಾವ ಮೂಲೆಯವರೂ ಪ್ರೀತಿಯಿಂದ ಉಚ್ಚರಿಸುವಂತಿರಲಿ ಎಂಬುದು ನನ್ನ ವಿನಂತಿ.

ಸಂಗೀತಪ್ರಿಯೆ ಸಾಗರ

ಕಂಡವಳು ಒಬ್ಬ ಹುಡುಗಿ ಎಂದು ಮೇಷ್ಟ್ರು ಬರೆದಿದ್ದಾರೆ. ಊರು, ನದಿ, ರಾಣಿ ಎಂದು ನಾವೆಲ್ಲ ಹೇಳುತ್ತಿದ್ದೇವೆ. ಅವಳಿಗೆ ಏನನ್ನಿಸುತ್ತದೆ ಎಂದು ಯಾರಾದರೂ ಕೇಳಿದ್ದೀರಾ?

ಅಡಿಕೆ ತೋಟ ಕೊಪ್ಪ

ಮೇಡಂ ಹೇಳಿದ್ದು ಸರಿ. ನನ್ನ ಸೂಚನೆಯನ್ನು ಹಿಂದಕ್ಕೆ ಪಡೆಯುತ್ತೇನೆ, ಮಕ್ಕಳು ಹೇಳಲಿ.

ಅದಿರಲಿ, ಒಂದು ಸಂದೇಹ. ಲಕ್ಷಾಂತರ ಬಂಡೆಗಳು ಒಂದೇ ಪಟ್ಟಿಯಲ್ಲಿ ತಿರುಗುತ್ತಿದ್ದರೆ ಒಂದಕ್ಕೊಂದು ಢಿಕ್ಕಿಯಾಗಿ ನಮ್ಮ ಮೇಲೆ ಬೀಳುವುದಿಲ್ಲವೇ? ಒಂದು ದೊಡ್ಡ ಗ್ರಹ ಒಡೆದು ಅವು ಆದವು ಎಂದೂ ಕೇಳಿದ್ದೇನೆ.

ಕವಲೂರಿನ ಹಾದಿ

ಒಡೆದ ಗ್ರಹದ ಊಹೆ ಪ್ಯಾಲಸ್ ಮತ್ತು ವೆಸ್ಟಾ ಎಂಬ ಕ್ಷುದ್ರಗ್ರಹಗಳನ್ನು ಕಂಡ ಓಲ್ಬರ್ಸ್ ಅವರದು. ಇಂದು ಅದನ್ನು ಯಾರೂ ಒಪ್ಪುವುದಿಲ್ಲ. ಪಟ್ಟಿಯಲ್ಲಿರುವುದನ್ನೆಲ್ಲ ಒಟ್ಟುಗೂಡಿಸಿ ತೂಗಿದರೂ ನಮ್ಮ ಚಂದ್ರನ ನೂರರಲ್ಲಿ ಮೂರು ಪಾಲಿನಷ್ಟು ಮಾತ್ರ. ಗುರುವಿನ ಸೆಳೆತದಿಂದಾಗಿ ಅವು ಕೂಡಿ ಗ್ರಹವಾಗಲೇ ಇಲ್ಲ ಎಂಬುದು ಈಗಿನ ತಿಳಿವಳಿಕೆ. ಪಟ್ಟಿ ಚಿತ್ರಗಳಲ್ಲಿ ತೋರಿಸುವಷ್ಟು ಒತ್ತಾಗಿಯೂ ಇಲ್ಲ. ಪಯೋನೀರ್ 10 ನೌಕೆ 1972–73ರಲ್ಲಿ ಮೊದಲ ಬಾರಿಗೆ ಅದನ್ನು ದಾಟಿ ಏನೂ ಪೆಟ್ಟಾಗದೆ ಗುರುವನ್ನು ತಲುಪಿತು. ಡಾನ್ ನೌಕೆ 2011ರಲ್ಲಿ ವೆಸ್ಟಾವನ್ನು ಸುತ್ತಿ, 2015ರಲ್ಲಿ ಸೆರೆಸ್‌ಗೆ ಹೋಗಿ ಅಲ್ಲೇ ಉಳಿಯಿತು.

ಆದರೂ ನಿಮ್ಮ ಸಂದೇಹದಲ್ಲಿ ತಿರುಳಿದೆ. ಸೂರ್ಯನಿಂದ 2.5 ಖಗೋಳಮಾನ ದೂರದಲ್ಲಿ ಕ್ಷುದ್ರಗ್ರಹಗಳು ಬಹಳ ವಿರಳ. ಅಲ್ಲಿ ಸುತ್ತುವ ಅವಧಿ 3.95 ವರ್ಷ. ಗುರುವಿನ ಅವಧಿ 11.86. ಭಾಗಿಸಿದರೆ ಸರಿಯಾಗಿ ಮೂರು. ಅಟ್ಟದ ತೊಲೆಗೆ ಕಟ್ಟಿದ ಜೋಕಾಲಿಯನ್ನು ನೆನಪಿಸಿಕೊಳ್ಳಿ: ಪ್ರತಿ ಮೂರನೆಯ ಸಲ ಅದೇ ಜಾಗದಲ್ಲಿ ಒಂದು ಸಣ್ಣ ನೂಕು ಕೊಟ್ಟರೂ ಸಾಕು, ತೂಗಾಟ ಬೆಳೆಯುತ್ತಲೇ ಹೋಗುತ್ತದೆ. ಹಾಗೆ ಗುರುವಿನ ಸೆಳೆತದಿಂದ ಅಲ್ಲಿರುವ ವಸ್ತುವಿನ ಕಕ್ಷೆ ಹೆಚ್ಚು ಹೆಚ್ಚು ಉದ್ದನೆಯ ದೀರ್ಘವೃತ್ತವಾಗಿ, ಕೊನೆಗೆ ಮಂಗಳನ, ಭೂಮಿಯ ದಾರಿಯನ್ನು ಅಡ್ಡಹಾಯುತ್ತದೆ. ಈ ತೆರವುಗಳನ್ನು 1866ರಲ್ಲಿ ಡೇನಿಯಲ್ ಕರ್ಕ್‌ವುಡ್ ತೋರಿಸಿಕೊಟ್ಟರು. ಭೂಮಿಯ ಸಮೀಪಕ್ಕೆ ಬರುವ ಕಲ್ಲುಗಳಲ್ಲಿ ಅನೇಕವು ಅಲ್ಲಿಂದ ಹೊರಟವು. ಮಕ್ಕಳ ಚುಕ್ಕೆ ಆ ತೆರವಿನ ಈಚೆಗಿದೆಯೋ ಆಚೆಗಿದೆಯೋ ಎಂಬುದು ಕಕ್ಷೆ ತಿಳಿದ ದಿನ ಗೊತ್ತಾಗುತ್ತದೆ, ಮತ್ತು ನನಗಂತೂ ಹೆಸರಿಗಿಂತ ಅದರ ಬಗ್ಗೆಯೇ ಕುತೂಹಲ ಹೆಚ್ಚು.

ಅಂಗಳದಿಂದ ಆಕಾಶ, ಕಳಸ

ತಡವಾಗಿ ಓದಿದೆ. ಮಕ್ಕಳು ತಮ್ಮ ಚುಕ್ಕೆಯನ್ನು ನೋಡಲಾರರು, ನಿಜ, ಆದರೆ ಒಂದು ಕ್ಷುದ್ರಗ್ರಹ ನಡೆಯುವುದನ್ನು ತಮ್ಮ ಕಣ್ಣಿನಿಂದಲೇ ನೋಡಬಹುದು. 2023ರ ಡಿಸೆಂಬರ್‌ನಲ್ಲಿ ವೆಸ್ಟಾ ವಿಯುತಿಗೆ ಬಂದಿತ್ತು, ಮಹಾವ್ಯಾಧ ನಕ್ಷತ್ರಪುಂಜದ ಉತ್ತರದಲ್ಲಿ. ನಮ್ಮಲ್ಲಿ ಅಡಿಕೆ ಕೊಯ್ಲಿನ ದಿನಗಳು. ಅಂಗಳದಲ್ಲಿ ಸುಲಿಯುವವರು ಹನ್ನೊಂದರವರೆಗೂ ಕೂತಿದ್ದರು, ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ನಾನು ತೋಟದ ಕಡೆಯ ಕತ್ತಲಿಗೆ ಹೋಗಿ, ಬೈನಾಕ್ಯುಲರನ್ನು ಬೇಲಿಯ ಗೂಟಕ್ಕೆ ಒತ್ತಿಹಿಡಿದು, ಆ ಭಾಗದ ಹನ್ನೆರಡು ಚುಕ್ಕೆಗಳನ್ನು ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗುರುತಿಸಿಕೊಂಡೆ. ಮಾರನೆಯ ರಾತ್ರಿ ಹನ್ನೊಂದು ಅಲ್ಲೇ ಇದ್ದವು. ಒಂದು ಮಾತ್ರ ಪಶ್ಚಿಮಕ್ಕೆ ಸರಿದಿತ್ತು, ಚಂದ್ರಬಿಂಬದ ಅರ್ಧದಷ್ಟು. ಸುಲಿಯುತ್ತಿದ್ದ ಹೆಂಗಸರನ್ನೂ ಕರೆದು ತೋರಿಸಿದೆ. ಅವರಲ್ಲೊಬ್ಬರು ಮೂರನೆಯ ದಿನ ತಾವಾಗಿಯೇ ಬಂದು, "ಎಲ್ಲಿಗೆ ಹೋಯಿತು ತೋರಿಸಿ" ಎಂದರು.

ವೆಸ್ಟಾ ಮತ್ತೆ ವಿಯುತಿಗೆ ಬರುವುದು 2026ರ ಅಕ್ಟೋಬರ್‌ನಲ್ಲಿ. ಮಳೆ ಹಿಂದೆ ಸರಿಯುವ ಹೊತ್ತು, ನಾಲ್ಕಾರು ರಾತ್ರಿ ಸಿಗಬಹುದು. ಮೇಷ್ಟ್ರು ಒಪ್ಪಿದರೆ ನನ್ನ ಬಳಿಯ ಬೈನಾಕ್ಯುಲರ್ ಮತ್ತು ಮುಕ್ಕಾಲಿಯನ್ನು ತರುತ್ತೇನೆ.

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರ ಬರಹಗಳನ್ನೂ ಮುದ್ರಿಸಿ ಊರಿನ ಹಿರಿಯರ ಮುಂದಿಟ್ಟೆ. ಸನ್ಮಾನ ನಡೆಯುತ್ತದೆ, ನಾಮಕರಣ ಇರುವುದಿಲ್ಲ ಎಂದು ಒಪ್ಪಿದ್ದಾರೆ. "ಗ್ರಹ" ಎಂಬ ಪದವನ್ನು ಬ್ಯಾನರ್‌ನಿಂದ ತೆಗೆಸಿ "ಕ್ಷುದ್ರಗ್ರಹದ ಪ್ರಾಥಮಿಕ ಪತ್ತೆ" ಎಂದು ಬರೆಸಿದ್ದೇವೆ. ಪದಕೋಶದವರು ಈ ಒಂದು ಸಲ ಮನ್ನಿಸಬೇಕು.

ಸಂಗೀತಪ್ರಿಯೆ ಮೇಡಂ ಹೇಳಿದಂತೆ ಆ ಹುಡುಗಿಯನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅದು ಮತ್ತೆ ಸಿಕ್ಕಿದೆಯಾ ಸರ್?" ಎಂದು ತಿರುಗಿ ಕೇಳಿದಳು. ಎರಡನೆಯ ರಾತ್ರಿಯ ವೀಕ್ಷಣೆಯ ಸುದ್ದಿ ಇನ್ನೂ ಬಂದಿಲ್ಲವೆಂದೆ. ಪ್ರತಿ ಸೋಮವಾರ ನೋಡಿ ಹೇಳುವಂತೆ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

ಕಳಸದವರೇ, ದಯವಿಟ್ಟು ಬನ್ನಿ. ಶಾಲೆಯ ಮೈದಾನದ ಪೂರ್ವಕ್ಕೆ ಗುಡ್ಡವಿದೆ, ಎಂಟು ಗಂಟೆಯ ಮೇಲೆ ಆಕಾಶ ತೆರೆಯುತ್ತದೆ.

ಅಂಗಳದಿಂದ ಆಕಾಶ, ಕಳಸ

ಬರುತ್ತೇನೆ. ಹುಣ್ಣಿಮೆಯ ಆಸುಪಾಸಿನ ದಿನ ಬಿಟ್ಟು ನಿಗದಿ ಮಾಡಿ. ಮಕ್ಕಳ ಟಾರ್ಚಿಗೆ ಕೆಂಪು ಕಾಗದ ಕಟ್ಟಿಸಿ, ಗೆರೆ ಇಲ್ಲದ ಪುಸ್ತಕ ಮತ್ತು ಪೆನ್ಸಿಲ್ ಒಬ್ಬೊಬ್ಬರಿಗೂ ಇರಲಿ. ಗುಡ್ಡದ ಬದಿ ಉಂಬಳ ಇರುತ್ತದೆ, ಸುಣ್ಣ ಇಟ್ಟುಕೊಳ್ಳಿ.